ವನುನು, ಓಹಾಯೊನ್, ಬೆನಮೋಜೆಗ್: ಯಹೂದಿ ಹೆಸರುಗಳಲ್ಲಿ ಉಳಿದಿರುವ ಬರ್ಬರ್ ನಂಟು

ಮೊರ್ದೆಖಾಯ್ ವನುನು ಹೆಸರು ಸ್ವಲ್ಪ ಹಳಬರಿಗೆ ನೆನಪಿರಬಹುದು. 1986ರಲ್ಲಿ ಇಸ್ರೇಲಿನ ಅಣುಬಾಂಬಿನ ಗುಟ್ಟನ್ನು ಲಂಡನ್ನಿನ ಪತ್ರಿಕೆಯೊಂದಕ್ಕೆ ಬಿಚ್ಚಿಟ್ಟು, ಆಮೇಲೆ 18 ವರ್ಷ ಜೈಲಲ್ಲಿ ಕಳೆದ ಮನುಷ್ಯ. ಅವನು ಮಾಡಿದ್ದು ಸರಿಯೋ ತಪ್ಪೋ ಎಂಬ ಜಗಳ ಬೇರೆ ಕಡೆ ಇರಲಿ. ಇಲ್ಲಿ ನಮಗೆ ಬೇಕಿರುವುದು ಅವನ ಸರ್‌ನೇಮ್ ಮಾತ್ರ. ವನುನು ಹುಟ್ಟಿದ್ದು 1954ರಲ್ಲಿ, ಮೊರಾಕ್ಕೊದ ಮರಕೇಶ್‌ನಲ್ಲಿ. ಅಲ್ಲಿನ ಫ್ರೆಂಚ್ ಕಾಗದಪತ್ರಗಳಲ್ಲಿ ಈ ಹೆಸರು 'ಉವನುನು' ಅನ್ನುವ ಹಾಗೆ ಕಾಣುತ್ತದೆ. ಅರ್ಥ, ನುನುವಿನ ಮಗ. 'ಮಗ' ಅನ್ನುವುದಕ್ಕೆ ಹೀಬ್ರೂವಿನಲ್ಲಿ 'ಬೆನ್' ಇದೆ, ಅರಬಿಯಲ್ಲಿ 'ಇಬ್ನ್' ಇದೆ. ಈ ಹೆಸರಿನಲ್ಲಿ ಅವೆರಡೂ ಇಲ್ಲ. ಮುಂದೆ ಕೂತಿರುವ ಆ 'ಉ' ಅಥವಾ 'ವ' ಬರ್ಬರ್ ಭಾಷೆಯದು.

ಬರ್ಬರರು ಅಂದರೆ ಉತ್ತರ ಆಫ್ರಿಕದ ಮೂಲ ಜನ. ಅರಬರು ಬರುವುದಕ್ಕೆ ಮೊದಲಿನಿಂದಲೂ, ರೋಮನ್ನರು ಬರುವುದಕ್ಕೂ ಮೊದಲಿನಿಂದಲೂ ಅಲ್ಲಿದ್ದವರು. 'ಬರ್ಬರ್' ಹೊರಗಿನವರು ಇಟ್ಟ ಹೆಸರು. ಅವರು ತಮ್ಮನ್ನು ಕರೆದುಕೊಳ್ಳುವುದು ಅಮಾಜಿಗ್ ಎಂದು, ಬಹುವಚನದಲ್ಲಿ ಇಮಾಜಿಘೆನ್. ಮೊರಾಕ್ಕೊದ ಅಟ್ಲಾಸ್ ಬೆಟ್ಟಗಳು, ಸೂಸ್ ಸೀಮೆ, ರಿಫ್, ಅಲ್ಜೀರಿಯಾದ ಕಬೀಲಿಯಾ ಮತ್ತು ಔರೆಸ್, ಇಲ್ಲೆಲ್ಲ ಅವರ ಭಾಷೆ ಇವತ್ತಿಗೂ ಜೀವಂತ. ಅದೇ ಬೆಟ್ಟಗಳ ಹಳ್ಳಿಗಳಲ್ಲಿ ನೂರಾರು ವರ್ಷ ಯಹೂದಿಗಳೂ ಇದ್ದರು. ಬೆಳ್ಳಿ ಕೆಲಸ ಮಾಡುತ್ತಿದ್ದರು, ಜೀನು ಹೊಲಿಯುತ್ತಿದ್ದರು, ಕತ್ತೆಯ ಮೇಲೆ ಸರಕು ಹೇರಿಕೊಂಡು ಹಳ್ಳಿ ಹಳ್ಳಿ ತಿರುಗಿ ಮಾರುತ್ತಿದ್ದರು. 1948ರ ಹೊತ್ತಿಗೆ ಮೊರಾಕ್ಕೊ ಒಂದರಲ್ಲೇ ಸುಮಾರು 2,50,000 ಯಹೂದಿಗಳಿದ್ದರು. ಮುಂದಿನ 20 ವರ್ಷದಲ್ಲಿ ಬಹುಪಾಲು ಎಲ್ಲರೂ ಇಸ್ರೇಲಿಗೋ ಫ್ರಾನ್ಸಿಗೋ ಹೊರಟುಹೋದರು. ಈಗ ಉಳಿದಿರುವವರು ಕೆಲವೇ ಸಾವಿರ. ಹಳ್ಳಿಗಳು ಖಾಲಿಯಾದವು, ಹೆಸರುಗಳು ಮಾತ್ರ ಜನರ ಜೊತೆಗೇ ಹೋದವು.

ಆ 'ಉ'ವನ್ನೇ ಇನ್ನೊಂದಿಷ್ಟು ಹತ್ತಿರದಿಂದ ನೋಡೋಣ, ಅರ್ಧ ಕಥೆ ಅಲ್ಲೇ ಇದೆ. ಓಹಾಯೊನ್ ಎಂಬ ಹೆಸರು ತಗೊಳ್ಳಿ. ಇಸ್ರೇಲಿನಲ್ಲಿ ಇದು ತುಂಬಾ ಮಾಮೂಲಿ ಸರ್‌ನೇಮ್. ಬಿಡಿಸಿದರೆ 'ಉ' ಜೊತೆಗೆ 'ಹಯ್ಯೂನ್'. ಹಯ್ಯೂನ್ ಅನ್ನುವುದು 'ಹಯ್ಯಿಮ್' ಎಂಬ ಹೀಬ್ರೂ ಹೆಸರಿನ ಬಳಗದ್ದು, ಅಂದರೆ ಜೀವ, ಬದುಕು. ಈಗ ಬೆನ್‌ಹಯೀಮ್ ಎಂಬ ಇನ್ನೊಂದು ಹೆಸರನ್ನು ಪಕ್ಕದಲ್ಲಿಡಿ. ಎರಡರ ಅರ್ಥವೂ ಹೆಚ್ಚುಕಡಿಮೆ ಒಂದೇ. ಅಪ್ಪನ ಹೆಸರು ಎರಡರಲ್ಲೂ ಹೀಬ್ರೂವೇ. 'ಮಗ' ಅನ್ನುವ ತುಣುಕು ಮಾತ್ರ ಒಂದರಲ್ಲಿ ಹೀಬ್ರೂ, ಇನ್ನೊಂದರಲ್ಲಿ ಬರ್ಬರ್. ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗಿನಲ್ಲಿ ಇಟ್ಟ ಹೆಸರು ಹೀಬ್ರೂ, ಬೀದಿಯಲ್ಲಿ 'ಇವನು ಯಾರ ಮಗ' ಎಂದು ಕೇಳಿದಾಗ ಬಾಯಿಗೆ ಬರುತ್ತಿದ್ದ ಭಾಷೆ ಬರ್ಬರ್. ಓಹಾನಾ ಕೂಡ ಹೀಗೇ, ಹನಾ ಎಂಬುವರ ಮಗ. 2022ರ ಡಿಸೆಂಬರ್‌ನಲ್ಲಿ ಇಸ್ರೇಲಿನ ಸಂಸತ್ತಿನ ಸ್ಪೀಕರ್ ಆದ ಅಮೀರ್ ಓಹಾನಾ ಅವರ ತಂದೆ ತಾಯಿ ಮೊರಾಕ್ಕೊದಿಂದ ಬಂದವರು. (ಹವಾಯಿ ಭಾಷೆಯಲ್ಲೂ 'ಓಹಾನಾ' ಇದೆ, ಅಲ್ಲಿ ಅದು ಕುಟುಂಬ. ಓಹಾಯೊ ಎಂದರೆ ಜಪಾನಿನಲ್ಲಿ ಬೆಳಗಿನ ನಮಸ್ಕಾರ. ಸದ್ದು ಒಂದೇ ಥರ ಇದೆ ಅಂತ ನಂಟು ಕಟ್ಟಿದರೆ ಎಲ್ಲಿಗೆ ಹೋಗಿ ಮುಟ್ಟುತ್ತೇವೆ ನೋಡಿ!)

ಇದೇ ಸಾಲಿನಲ್ಲಿ ವಾಕ್ನೀನ್ ಇದೆ, ಅಂದರೆ ಅಕ್ನೀನ್ ಅಥವಾ ಯಾಕ್ನೀನ್‌ನ ಮಗ. ಇದನ್ನು ಯಾಕೋಬ್ ಹೆಸರಿನ ಬರ್ಬರ್ ಮುದ್ದು ರೂಪ ಅನ್ನುವವರಿದ್ದಾರೆ, ಬರ್ಬರ್‌ನಲ್ಲಿ ಅವಳಿಗಳಿಗೆ ಹೇಳುವ 'ಇಕ್ನಿವೆನ್' ಮಾತಿಗೆ ಜೋಡಿಸುವವರೂ ಇದ್ದಾರೆ. ಬೈಬಲಿನ ಯಾಕೋಬ್ ಕೂಡ ಅವಳಿಯೇ ಆಗಿದ್ದ, ಹಾಗಾಗಿ ಈ ಜಗಳ ಬೇಗ ಮುಗಿಯುವಂಥದ್ದಲ್ಲ.

ಒಂದೇ ಹೆಸರು ಊರಿಗೊಂದು ವೇಷ ಹಾಕಿದ್ದು ಹೇಗೆ ಅಂತಲೂ ತಿಳಿದಿರಲಿ. ಫ್ರೆಂಚ್ ಗುಮಾಸ್ತ ಬರೆದುಕೊಂಡ ಕಡೆ ಅದು 'ಉವಾಕ್ನಿನ್' ಆಯಿತು. ಇಸ್ರೇಲಿಗೆ ಬಂದಾಗ ಹೀಬ್ರೂವಿನ 'ವಾವ್' ಅಕ್ಷರದಲ್ಲಿ ಬರೆದರು. ಹಳಬರ ಬಾಯಲ್ಲಿ ತುಟಿ ದುಂಡಗೆ ಮಾಡಿ ಹೊರಡುತ್ತಿದ್ದ ಆ ಸದ್ದನ್ನು ಹೊಸ ಹೀಬ್ರೂ ಹಲ್ಲು ತುಟಿಗೆ ತಾಗಿಸಿ ಗಟ್ಟಿಯಾಗಿ ಹೇಳುತ್ತದೆ. ಹಾಗಾಗಿ ಬರ್ಬರ್ 'ಉ' ಪೂರ್ತಿ ಮರೆಯಾಗಿ, ವಾಕ್ನಿನ್, ವನುನು, ವಿಜ್‌ಮನ್ ಎಲ್ಲ ಸುಮ್ನೆ ವಕಾರದಿಂದ ಶುರುವಾಗುವ ಹೆಸರುಗಳ ಥರ ಕಾಣತೊಡಗಿದವು. ವಿಜ್‌ಮನ್ ಅಂತೂ ಯುರೋಪಿನ ವೈಜ್‌ಮನ್ ಇರಬೇಕು ಅನ್ನಿಸುವಷ್ಟು ಹತ್ತಿರ ಬಂದುಬಿಟ್ಟಿದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಇನ್ನೂ ಚೆಂದದ ಉದಾಹರಣೆ ಒಬ್ಬ ಸಂತನದು. ಅಟ್ಲಾಸ್ ಬೆಟ್ಟದ ಅಗುಯಿಮ್ ಹತ್ತಿರ ರಬ್ಬಿ (ಅಂದರೆ ಯಹೂದಿ ಧರ್ಮಗುರು) ದಾವೀದ್ ಉ ಮೋಶೆ ಅವರ ಸಮಾಧಿ ಇದೆ. ಯಹೂದಿ ಪಂಚಾಂಗದ ಹೆಶ್ವಾನ್ ತಿಂಗಳ ಮೊದಲ ದಿನ ಅಲ್ಲಿ ಜಾತ್ರೆ ಥರ ಜನ ಸೇರುತ್ತಾರೆ, ಅದಕ್ಕೆ 'ಹಿಲ್ಲುಲಾ' ಅನ್ನುತ್ತಾರೆ. 1970ರ ದಶಕದಲ್ಲಿ ಇಸ್ರೇಲಿನ ಸಫೇದ್ ಊರಲ್ಲಿ, ಮೊರಾಕ್ಕೊದಿಂದ ಬಂದಿದ್ದ ಒಬ್ಬರ ಮನೆಯಲ್ಲೇ ಈ ಸಂತನಿಗೆ ಇನ್ನೊಂದು ಗುಡಿಯಂಥ ಜಾಗವೂ ಆಯಿತು. ಈಗ ಹೆಸರನ್ನು ಹೀಬ್ರೂ ವ್ಯಾಕರಣದ ಪ್ರಕಾರ ಓದಿದರೆ 'ದಾವೀದ್ ಮತ್ತು ಮೋಶೆ' ಅಂತಾಗುತ್ತದೆ, ಯಾಕೆಂದರೆ ಹೀಬ್ರೂವಿನಲ್ಲಿ ಮಕಾರದ ಮುಂದೆ ಬರುವ 'ಉ'ಗೆ 'ಮತ್ತು' ಎಂದು ಅರ್ಥ. ಬರ್ಬರ್ ಪ್ರಕಾರ ಓದಿದರೆ 'ಮೋಶೆಯ ಮಗ ದಾವೀದ್'. ಇಬ್ಬರು ಸಂತರೋ ಒಬ್ಬರೋ ಅನ್ನುವುದು ಒಂದು ಅಕ್ಷರ ಯಾವ ಭಾಷೆಯದು ಅನ್ನುವುದರ ಮೇಲೆ ನಿಂತಿದೆ!

ಇಷ್ಟಾದ ಮೇಲೆ ಪೂರ್ತಿ ಬರ್ಬರ್ ಪದಗಳೇ ಹೆಸರಾಗಿರುವ ಮನೆತನಗಳಿಗೆ ಬರೋಣ. ಅಜೆಂಕೋತ್ ಎಂಬ ಹೆಸರನ್ನು ಸೂಸ್ ಕಡೆಯ ಬರ್ಬರ್ ಆಡುಮಾತಾದ ತಶೆಲ್‌ಹಿತ್‌ನಲ್ಲಿ ಜಿಂಕೆಗೆ ಹೇಳುವ ಮಾತಿಗೆ ಜೋಡಿಸುತ್ತಾರೆ. ಮೆಲ್ಲೂಲ್‌ಗೆ ಮೂಲ 'ಅಮೆಲ್ಲಾಲ್', ಅಂದರೆ ಬಿಳಿಯ. ಇಫರ್ಗಾನ್ ಅಂದರೆ ಬೇಲಿಗಳು, ಬೇಲಿ ಹಾಕಿದ ಜಾಗಗಳು. ಇವೆಲ್ಲ ಒಂದು ಕಾಲದಲ್ಲಿ ಸಂತೆಯಲ್ಲೋ ಕೇರಿಯಲ್ಲೋ ಅಂಟಿಕೊಂಡ ಅಡ್ಡಹೆಸರುಗಳೋ, ಇದ್ದ ಜಾಗದ ಗುರುತುಗಳೋ ಆಗಿದ್ದಿರಬೇಕು. ನಮ್ಮ ಉತ್ತರ ಕರ್ನಾಟಕದಲ್ಲಿ ಹುಬ್ಬಳ್ಳಿ, ಪತ್ತಾರ, ಮೆಣಸಿನಕಾಯಿ, ಉಳ್ಳಾಗಡ್ಡಿ ಎಲ್ಲ ಮನೆತನದ ಹೆಸರಾದ ಹಾಗೇ. ಉಳ್ಳಾಗಡ್ಡಿಯವರ ಮುತ್ತಜ್ಜ ಯಾವ ಕುಲದವನು ಅಂತ ಆ ಹೆಸರು ಹೇಳುವುದಿಲ್ಲ, ಅವನ ಸುತ್ತ ಇದ್ದವರು ಯಾವ ಭಾಷೆ ಆಡುತ್ತಿದ್ದರು ಅಂತ ಮಾತ್ರ ಹೇಳುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಊರಿನ ಹೆಸರುಗಳಲ್ಲಿ ಒಂದು ತಮಾಷೆ ಇದೆ. ಜಗೂರಿ ಅಂದರೆ ಮರುಭೂಮಿಯ ಅಂಚಿನ ಜಗೋರಾ ಊರಿನವನು. ಎದ್ರಿ, ದೆರಿ ಅಂದರೆ ದ್ರಾ ಕಣಿವೆಯವನು. ತೋಲೆದಾನೊ ಅಂದರೆ ಸ್ಪೇನಿನ ತೋಲೆದೊದವನು. ಆದರೆ ತೋಲೆದೊದಲ್ಲೇ ಕೂತಿರುವವನನ್ನು ಯಾರೂ 'ತೋಲೆದೊದವನೇ' ಅಂತ ಕರೆಯುವುದಿಲ್ಲ ಅಲ್ವಾ? ಊರು ಬಿಟ್ಟ ಮೇಲೆಯೇ ಊರಿನ ಹೆಸರು ಅಂಟುವುದು. 1492ರಲ್ಲಿ ಸ್ಪೇನ್ ಯಹೂದಿಗಳನ್ನೆಲ್ಲ ಹೊರಹಾಕಿದಾಗ ತುಂಬಾ ಜನ ಮೊರಾಕ್ಕೊಗೆ ಬಂದರು. ಬಂದವರಿಗೆ 'ಮೆಗೊರಾಶಿಮ್', ಹೊರಹಾಕಲ್ಪಟ್ಟವರು ಎಂದೂ, ಮೊದಲೇ ಇದ್ದವರಿಗೆ 'ತೊಶಾವಿಮ್', ಅಲ್ಲಿಯ ನಿವಾಸಿಗಳು ಎಂದೂ ಹೆಸರು. ಫೆಜ್‌ನಂಥ ಊರುಗಳಲ್ಲಿ ಇವೆರಡು ಗುಂಪು ಬಹಳ ಕಾಲ ಬೇರೆ ಬೇರೆ ಪದ್ಧತಿ ಇಟ್ಟುಕೊಂಡಿದ್ದವು. ಹೆಸರು ನೋಡಿಯೇ ಯಾರು ಯಾವ ಕಡೆಯವರು ಅಂತ ಒಂದು ಅಂದಾಜು ಮಾಡಬಹುದಿತ್ತು.

ಈ ಲೆಕ್ಕ ಹಿಡಿದರೆ ಅತ್ಯಂತ ಕುತೂಹಲದ ಹೆಸರು ಬೆನಮೋಜೆಗ್. ಎಲಿಯಾ ಬೆನಮೋಜೆಗ್, 1823ರಿಂದ 1900ರವರೆಗೆ ಬದುಕಿದ್ದ ದೊಡ್ಡ ವಿದ್ವಾಂಸ, ಇಟಲಿಯ ಲಿವೊರ್ನೊದಲ್ಲಿ ರಬ್ಬಿ. ಮನೆಯವರು ಮೊರಾಕ್ಕೊದ ಫೆಜ್‌ನಿಂದ ಬಂದವರು. ಹೆಸರನ್ನು ಬಿಡಿಸಿದರೆ 'ಬೆನ್ ಅಮಾಜಿಗ್', ಅಮಾಜಿಗನ ಮಗ, ಅಂದರೆ ಬರ್ಬರನ ಮಗ. ತಕ್ಷಣ ನಮಗೆ ಏನನ್ನಿಸುತ್ತದೆ? ಓಹೋ, ಇವರ ಪೂರ್ವಜ ಬರ್ಬರ್ ಆಗಿದ್ದ, ಆಮೇಲೆ ಯಹೂದಿಯಾದ ಅಂತ. ಇರಬಹುದು. ಆದರೆ ತೋಲೆದಾನೊ ಲೆಕ್ಕ ಇಲ್ಲಿಗೂ ಹಾಕಿ ನೋಡಿ. ಎಲ್ಲರೂ ಬರ್ಬರ್ ಆಡುವ ಬೆಟ್ಟದ ಹಳ್ಳಿಯಲ್ಲಿ ಯಾರನ್ನಾದರೂ 'ಬರ್ಬರ್‌ನವನು' ಅಂತ ಗುರುತಿಸುವುದರಲ್ಲಿ ಅರ್ಥವಿಲ್ಲ. ಅರಬಿ ಆಡುವ ಪಟ್ಟಣದ ಯಹೂದಿ ಕೇರಿಗೆ ಬೆಟ್ಟದಿಂದ ಇಳಿದು ಬಂದ ಯಹೂದಿಯನ್ನು, ಅವನ ಮಾತಿನ ಧಾಟಿ ಕೇಳಿ ಹಾಗೆ ಕರೆದಿದ್ದರೆ ಆಶ್ಚರ್ಯವಿಲ್ಲ. ನನಗೆ ಇದೇ ಜಾಸ್ತಿ ಸರಿ ಅನ್ನಿಸುತ್ತದೆ. ಗಮನಿಸಿ, ಇಲ್ಲಿ 'ಮಗ' ಅನ್ನುವುದಕ್ಕೆ ಬರ್ಬರ್ 'ಉ' ಬಂದಿಲ್ಲ, 'ಬೆನ್' ಬಂದಿದೆ. ಹೆಸರಿಟ್ಟ ಬಾಯಿ ಬರ್ಬರ್ ಬಾಯಿ ಆಗಿರಲಿಲ್ಲ ಅನ್ನುವುದಕ್ಕೆ ಅದೂ ಒಂದು ಸುಳಿವು.

ಹೆಸರುಗಳು ಹೀಗೆ ಸುತ್ತಮುತ್ತಲಿನ ಭಾಷೆಯ ಬಣ್ಣ ಹಿಡಿಯುವುದು ಇಲ್ಲಿ ಹೊಸದೇನಲ್ಲ. ಮೊರಾಕ್ಕೊದ ವೊಲುಬಿಲಿಸ್ ಎಂಬ ರೋಮನ್ ಕಾಲದ ಪಾಳುಪಟ್ಟಣದಲ್ಲಿ ಹೀಬ್ರೂ ಅಕ್ಷರದ ಒಂದು ಸಮಾಧಿ ಕಲ್ಲು ಸಿಕ್ಕಿದೆ. ಅದರಲ್ಲಿರುವುದು ರಬ್ಬಿ ಯೆಹೂದನ ಮಗಳು ಮತ್ರೋನಾ ಎಂದು. ಅಪ್ಪ ಯೆಹೂದ, ಅಪ್ಪಟ ಹೀಬ್ರೂ. ಮಗಳು ಮತ್ರೋನಾ, ಅಪ್ಪಟ ಲ್ಯಾಟಿನ್. ಟುನೀಸಿಯಾದ ಹಮಾಮ್ ಲಿಫ್‌ನಲ್ಲಿ 1883ರಲ್ಲಿ ಸಿಕ್ಕಿದ ಹಳೇ ಸಿನಗಾಗಿನ ನೆಲದಲ್ಲಿ ಬಣ್ಣಬಣ್ಣದ ಕಲ್ಲಿನ ಚಿತ್ತಾರವಿದೆ. ಅದನ್ನು ತನ್ನ ಸ್ವಂತ ದುಡ್ಡಿನಲ್ಲಿ ಮಾಡಿಸಿದ ಹೆಂಗಸಿನ ಹೆಸರು ಯೂಲಿಯಾನಾ, ಬರಹವೂ ಲ್ಯಾಟಿನ್ನಿನಲ್ಲೇ. ಈ ಹೆಸರು ನೋಡಿ ಇವರೆಲ್ಲ ರೋಮ್‌ನಿಂದ ಬಂದವರು ಅಂತ ಯಾರೂ ಹೇಳುವುದಿಲ್ಲ. ರೋಮನ್ನರ ಕಾಲದಲ್ಲಿ ಲ್ಯಾಟಿನ್, ಅರಬರ ಕಾಲದಲ್ಲಿ ಅರಬಿ, ಬೆಟ್ಟದಲ್ಲಿ ಬರ್ಬರ್. ಹಾಗಿದ್ದ ಮೇಲೆ ಬರ್ಬರ್ ಹೆಸರು ಕಂಡ ಕೂಡಲೇ ರಕ್ತಸಂಬಂಧ ಹುಡುಕುವುದು ಯಾಕೆ?

ಯಾಕೆಂದರೆ ಅದರ ಹಿಂದೆ ಒಂದು ಹಳೆಯ ವಾದ ಇದೆ. 14ನೇ ಶತಮಾನದ ಚರಿತ್ರೆಕಾರ ಇಬ್ನ್ ಖಲ್ದೂನ್, ಇಸ್ಲಾಂ ಬರುವ ಮೊದಲು ಕೆಲವು ಬರ್ಬರ್ ಬುಡಕಟ್ಟುಗಳು ಯಹೂದಿ ಧರ್ಮ ಹಿಡಿದಿದ್ದಿರಬಹುದು ಎಂದು ಬರೆದ. ಜರಾವಾ, ನಫೂಸಾ ಮುಂತಾದ ಹೆಸರುಗಳನ್ನೂ ಕೊಟ್ಟ. ಜರಾವಾ ಅಂದರೆ ಔರೆಸ್ ಬೆಟ್ಟದಲ್ಲಿ ಅರಬ್ ಸೈನ್ಯವನ್ನು ಎದುರಿಸಿದ ರಾಣಿ ಕಾಹಿನಾಳ ಬುಡಕಟ್ಟು. ಅವಳು ಸತ್ತದ್ದು 700ನೇ ಇಸವಿಯ ಆಸುಪಾಸಿನಲ್ಲಿ. ಇಬ್ನ್ ಖಲ್ದೂನ್ ಬರೆದದ್ದು ಸುಮಾರು 700 ವರ್ಷ ಆದ ಮೇಲೆ. ಅಷ್ಟು ದೂರದಿಂದ ನೋಡಿದ ಮಾತನ್ನು ಕಣ್ಣಾರೆ ಕಂಡ ಸಾಕ್ಷಿ ಥರ ತಗೊಳ್ಳುವುದು ಕಷ್ಟ.

ಇಲ್ಲಿ ಹೆಸರಿನ ಆಟ ಇನ್ನೂ ಜೋರು. 'ಕಾಹಿನಾ' ಕೇಳಿದ ಕೂಡಲೇ ಯಹೂದಿ ಪುರೋಹಿತ ಮನೆತನದ 'ಕೊಹೆನ್' ನೆನಪಾಗುತ್ತದೆ. ನೋಡಿ, ರಾಣಿ ಕೊಹೆನ್ ವಂಶದವಳು ಅಂತ ಎಷ್ಟೋ ಜನ ಸಂತೋಷದಿಂದ ಬರೆದಿದ್ದಾರೆ. ಆದರೆ ಕಾಹಿನಾ ಅವಳ ಹೆಸರೇ ಅಲ್ಲ. ಅದು ಶತ್ರುಗಳಾದ ಅರಬರು ಇಟ್ಟ ಬಿರುದು, ಅರಬಿಯಲ್ಲಿ ಕಣಿ ಹೇಳುವವಳು ಎಂದು ಅರ್ಥ. ಅರಬಿ, ಹೀಬ್ರೂ ಎರಡೂ ಒಂದೇ ಬಳಗದ ಭಾಷೆಗಳಾದ್ದರಿಂದ ಆ ಎರಡು ಮಾತಿಗೂ ಬೇರು ಒಂದೇ, ಅಷ್ಟೆ. ಅವಳ ಸ್ವಂತ ಹೆಸರು ದಿಹ್ಯಾ ಎಂದು ಹೇಳುತ್ತಾರೆ. ಅವಳು ಯಹೂದಿಯೋ, ಕ್ರೈಸ್ತಳೋ, ಹಳೇ ಬರ್ಬರ್ ದೇವರುಗಳನ್ನು ಪೂಜಿಸುತ್ತಿದ್ದವಳೋ ಎಂಬ ಚರ್ಚೆ ಇನ್ನೂ ನಡೆದೇ ಇದೆ. ಆ ಚರ್ಚೆಗೆ 'ಕಾಹಿನಾ' ಎಂಬ ಮಾತು ಒಂದು ಕಡ್ಡಿಯಷ್ಟೂ ಸಹಾಯ ಮಾಡುವುದಿಲ್ಲ.

20ನೇ ಶತಮಾನದ ಶುರುವಿನಲ್ಲಿ ನಹೂಮ್ ಸ್ಲೂಶ್ಚ್ ಎಂಬ ವಿದ್ವಾಂಸ ಉತ್ತರ ಆಫ್ರಿಕವೆಲ್ಲ ಸುತ್ತಿ, ಯಹೂದಿ ಬರ್ಬರರ ಈ ಕಥೆಯನ್ನು ದೊಡ್ಡದಾಗಿ ಬೆಳೆಸಿದ. 1963ರಲ್ಲಿ ಹಿರ್ಷ್‌ಬರ್ಗ್ ಎಂಬ ಇನ್ನೊಬ್ಬ ಚರಿತ್ರೆಕಾರ, ಇಷ್ಟು ದೊಡ್ಡ ಕಟ್ಟಡಕ್ಕೆ ಪಾಯವೇ ಸಾಲದು ಎಂಬ ಧಾಟಿಯಲ್ಲಿ ಅದನ್ನು ಒಂದೊಂದಾಗಿ ಬಿಚ್ಚಿಟ್ಟ. ನನಗೆ ಹಿರ್ಷ್‌ಬರ್ಗ್ ಕಡೆ ಒಲವು ಜಾಸ್ತಿ. ಹಾಗಂತ ಒಬ್ಬ ಬರ್ಬರನೂ ಯಹೂದಿಯಾಗಲಿಲ್ಲ ಅನ್ನಲೂ ಬರುವುದಿಲ್ಲ. ಸಾವಿರಾರು ವರ್ಷ ಪಕ್ಕಪಕ್ಕದಲ್ಲಿ ಇದ್ದವರು, ಅದರಲ್ಲೂ ಇಸ್ಲಾಂ ಬರುವ ಮೊದಲು ಮತ ಬದಲಿಸುವುದಕ್ಕೆ ಆಮೇಲಿನಷ್ಟು ತಡೆ ಇರಲಿಲ್ಲ. 2012ರಲ್ಲಿ ಬಂದ ಒಂದು ದೊಡ್ಡ ಡಿಎನ್‌ಎ ಅಧ್ಯಯನವೂ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ಉತ್ತರ ಆಫ್ರಿಕದ ಯಹೂದಿಗಳು ಬೇರೆ ಯಹೂದಿ ಗುಂಪುಗಳಿಗೆ ಹತ್ತಿರ, ಜೊತೆಗೆ ಸ್ಥಳೀಯ ಬೆರಕೆ ಕಡೆಯಿಂದ ಕಡೆಗೆ ಬೇರೆ ಬೇರೆ ಪ್ರಮಾಣದಲ್ಲಿದೆ. ಬೆರಕೆ ಇದೆ, ಆದರೆ ಅದನ್ನು ಸರ್‌ನೇಮ್ ನೋಡಿ ಅಳೆಯಲಾಗುವುದಿಲ್ಲ.

ಎಡವುವ ಜಾಗಗಳು ಇನ್ನೂ ಕೆಲವಿವೆ. ಅಟ್ಲಾಸ್ ಸೀಮೆಯಲ್ಲಿ ಅಯ್ತ್ ದಾವೂದ್, ಅಯ್ತ್ ಮೂಸಾ ಥರದ ಹೆಸರುಗಳು ಕಾಣುತ್ತವೆ. 'ಅಯ್ತ್' ಅಂದರೆ ಮಕ್ಕಳು, ಕಡೆಯವರು. ದಾವೀದನ ಮಕ್ಕಳು, ಮೋಶೆಯ ಮಕ್ಕಳು, ಹಾಗಾದರೆ ಇವರು ಹಳೇ ಯಹೂದಿಗಳೇ ಎಂದು ಎದ್ದು ಕೂರುವವರಿದ್ದಾರೆ. ಸ್ವಾಮಿ, ದಾವೂದ್, ಮೂಸಾ, ಯಾಕೂಬ್, ಬ್ರಾಹಿಮ್ ಎಲ್ಲ ಕುರಾನಿನಲ್ಲೂ ಇರುವ ಪ್ರವಾದಿಗಳ ಹೆಸರು. ಜಗತ್ತಿನ ಯಾವ ಮುಸ್ಲಿಂ ಊರಿನಲ್ಲಾದರೂ ಸಿಗುತ್ತವೆ.

ಇನ್ನು ಅಜೂಲೇ. ಯುನೆಸ್ಕೊ ಮುಖ್ಯಸ್ಥೆಯಾಗಿದ್ದ ಒದ್ರೇ ಅಜೂಲೇ, ಮೊರಾಕ್ಕೊ ದೊರೆಯ ಸಲಹೆಗಾರರಾದ ಅವರ ತಂದೆ ಆಂದ್ರೇ ಅಜೂಲೇ, 18ನೇ ಶತಮಾನದ ಜೆರುಸಲೇಮಿನ ರಬ್ಬಿ ಹಯೀಮ್ ಯೋಸೆಫ್ ದಾವೀದ್ ಅಜೂಲಾಯ್, ಎಲ್ಲರಿಗೂ ಇದೇ ಹೆಸರು. ಇದಕ್ಕೆ ಮೂಲ ಸ್ಪಾನಿಷ್‌ನ 'ಅಜುಲ್', ನೀಲಿ ಅನ್ನುತ್ತಾರೆ ಕೆಲವರು. ಅಲ್ಲ, ಬರ್ಬರ್‌ನಲ್ಲಿ ಒಳ್ಳೆಯದು ಅನ್ನುವ ಮಾತಿನಿಂದ ಬಂದದ್ದು ಅನ್ನುತ್ತಾರೆ ಇನ್ನು ಕೆಲವರು. ಮೂರನೆಯದು ರಬ್ಬಿಗಳ ವಿವರಣೆ. ಪುರೋಹಿತರು ಎಂಥವಳನ್ನು ಮದುವೆಯಾಗಬಾರದು ಎಂದು ಬೈಬಲಿನ ಯಾಜಕಕಾಂಡದ 21ನೇ ಅಧ್ಯಾಯದಲ್ಲಿ ಒಂದು ನಿಯಮ ಇದೆ, ಅದರ ಹೀಬ್ರೂ ಪದಗಳ ಮೊದಲ ಅಕ್ಷರಗಳನ್ನು ಕೂಡಿಸಿದರೆ ಈ ಹೆಸರಾಗುತ್ತದಂತೆ, ಅಂದರೆ ಇವರು ಪುರೋಹಿತ ವಂಶದವರು. ಮೂರನೆಯದು ಕೇಳಲು ಚೆಂದ, ನಂಬಲು ಕಷ್ಟ. ಹೆಸರು ಹಳೆಯದಾಗಿ, ಮೂಲ ಮರೆತುಹೋದ ಮೇಲೆ ಮನೆಯವರೇ ಗೌರವದ ಮೂಲ ಹೊಲಿದುಕೊಳ್ಳುವುದು ಎಲ್ಲ ಕಡೆ ಇರುವುದೇ.

ಬರ್ಬರ್ ಹೆಸರಿದ್ದವರೆಲ್ಲ ಬೆಟ್ಟದಲ್ಲೇ ಇದ್ದರು ಎಂದುಕೊಳ್ಳುವುದೂ ತಪ್ಪು. ಹೆಸರಾಂತ ಯಹೂದಿ ತತ್ವಜ್ಞಾನಿ ಮೈಮೊನಿಡಿಸ್‌ನ ಸಮಕಾಲೀನನಾದ 12ನೇ ಶತಮಾನದ ವಿದ್ವಾಂಸ ಯೋಸೆಫ್ ಇಬ್ನ್ ಅಕ್ನೀನ್ ಹುಟ್ಟಿದ್ದು ಸ್ಪೇನಿನ ಬಾರ್ಸಿಲೋನಾದಲ್ಲಿ, ಬದುಕಿದ್ದು ಫೆಜ್‌ನಲ್ಲಿ. ಆ ಕಾಲದಲ್ಲಿ ಸ್ಪೇನಿನ ದಕ್ಷಿಣವನ್ನೂ ಮೊರಾಕ್ಕೊವನ್ನೂ ಒಟ್ಟಿಗೆ ಆಳುತ್ತಿದ್ದದ್ದು ಬರ್ಬರ್ ರಾಜಮನೆತನಗಳೇ. ಜನ ಎರಡೂ ದಡಕ್ಕೆ ಹೋಗಿ ಬಂದು ಮಾಡುತ್ತಿದ್ದರು, ಹೆಸರುಗಳೂ ಹೋಗಿ ಬಂದವು.

ಹಾಗಾದರೆ ಹೆಸರುಗಳು ಖಚಿತವಾಗಿ ಹೇಳುವುದೇನು? ನನ್ನ ಪ್ರಕಾರ ಒಂದೇ ಮಾತು, ಆದರೆ ಸಣ್ಣದಲ್ಲ: ಈ ಯಹೂದಿಗಳಿಗೆ ಬರ್ಬರ್ ಹೊರಗಿನ ಭಾಷೆ ಆಗಿರಲಿಲ್ಲ. ವ್ಯಾಪಾರಕ್ಕೆ ಬೇಕಾದ ನಾಲ್ಕು ಮಾತು ಕಲಿತವರ ಹೆಸರಿನೊಳಗೆ ಆ ಭಾಷೆಯ ವ್ಯಾಕರಣ ಹೊಕ್ಕು ಕೂರುವುದಿಲ್ಲ. ಪದ ಸಾಲ ತರುವುದು ಸುಲಭ. 'ಮಗ' ಅನ್ನುವ ಪ್ರತ್ಯಯವನ್ನು ತಂದು ದೇವರ ಭಾಷೆಯ ಹೆಸರಿಗೆ ಅಂಟಿಸಬೇಕಾದರೆ ಮನೆಯೊಳಗೂ ಆ ಭಾಷೆ ಓಡಾಡಬೇಕು. ಇದಕ್ಕೆ ಹೆಸರಿನ ಹೊರಗೂ ಸಾಕ್ಷಿ ಇದೆ. ತೊದ್ರಾ ಕಣಿವೆಯ ತಿಂಘೀರ್ ಊರಿನ ಯಹೂದಿಗಳು ಪಾಸ್ಕ ಹಬ್ಬದ ರಾತ್ರಿ ಓದುವ ಹಗ್ಗದಾವನ್ನು, ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ಕಥೆಯನ್ನು, ಬರ್ಬರ್‌ನಲ್ಲೇ ಹೇಳುತ್ತಿದ್ದರು. ಆ ಪಾಠ 1970ರಲ್ಲಿ ಅಚ್ಚಾಯಿತು, ಎಸ್ಸಾವಿರಾದಲ್ಲಿ ಹುಟ್ಟಿದ ಹಯೀಮ್ ಜಫ್ರಾನಿ ಅದರ ಸಂಪಾದಕರಲ್ಲೊಬ್ಬರು. ವರ್ಷದ ಅತಿ ದೊಡ್ಡ ಹಬ್ಬದ ಕಥೆಯನ್ನು ಮಕ್ಕಳಿಗೆ ತಿಳಿಯಲಿ ಎಂದು ಬರ್ಬರ್‌ನಲ್ಲಿ ಹೇಳಬೇಕಾಗಿತ್ತು ಎಂದರೆ ಆ ಮಕ್ಕಳ ಮನೆಮಾತು ಯಾವುದಿತ್ತು ಅಂತ ಬೇರೆ ಹೇಳಬೇಕೇ?

ಹೆಸರು ರಕ್ತದ ಕಥೆಯನ್ನೂ ಹೇಳುವ ಸಂದರ್ಭ ಇಲ್ಲವೇ ಇಲ್ಲ ಅಂತಲ್ಲ. ಫೆಜ್‌ನಲ್ಲಿ ಎಲ್ ಕೊಹೆನ್ ಎಂಬ ಹೆಸರಿನ ಮುಸ್ಲಿಮರಿದ್ದಾರೆ. ಅಲ್ಲಿ ಹಿಂದೆ ಇಸ್ಲಾಮಿಗೆ ಸೇರಿದ ಯಹೂದಿ ಮನೆತನಗಳಿಗೆ 'ಬಿಲ್ದಿಯ್ಯೀನ್' ಎಂದು ಹೆಸರು ಬಿತ್ತು. ಊರಿನ ದೊಡ್ಡ ಬಟ್ಟೆ ಮಾರುಕಟ್ಟೆಯಾದ ಕೈಸರಿಯ್ಯಾದಲ್ಲಿ ಇವರು ಅಂಗಡಿ ಇಡಬಹುದೋ ಬಾರದೋ ಎಂದು ಬೇರೆ ಮುಸ್ಲಿಂ ವ್ಯಾಪಾರಿಗಳು ತಲೆಮಾರುಗಟ್ಟಲೆ ಜಗಳ ಆಡಿದರು. 17ನೇ ಶತಮಾನದಲ್ಲಿ ಮಯ್ಯಾರಾ ಎಂಬ ಧರ್ಮಶಾಸ್ತ್ರದ ಪಂಡಿತ ಇವರ ಪರವಾಗಿ ಒಂದು ಬರಹವನ್ನೇ ಬರೆಯಬೇಕಾಯಿತು. ಅಲ್ಲಿ ನಾವು ಧೈರ್ಯವಾಗಿ ಮೂಲ ಹೇಳಬಹುದು, ಯಾಕೆಂದರೆ ಹೆಸರಿನ ಪಕ್ಕದಲ್ಲಿ ಅಂಗಡಿ ಜಗಳದ ಕಾಗದ ಇದೆ. ಅಟ್ಲಾಸ್ ಬೆಟ್ಟದ 'ಉ'ಗೆ ಅಂಥ ಕಾಗದ ಇಲ್ಲ.